ಅಕ್ಕನ ಮಗಳಿಗೆ ಕೊಟ್ಟ ಪುಸ್ತಕಗಳು

ನಂಜನಗೂಡಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಮೊಣಕಾಲಿನಿಂದ ಒತ್ತಿದರೆ ಮಾತ್ರ ಅದರ ಬಾಗಿಲು ಮುಚ್ಚುತ್ತದೆ. ನಾನು ಅಲ್ಲಿ ಕನ್ನಡ ಪಾಠ ಮಾಡುವವಳು. ಆ ಬೀರುವನ್ನು ಯಾರ ಅಪ್ಪಣೆಯನ್ನೂ ಕೇಳದೆ ನನ್ನದು ಮಾಡಿಕೊಂಡಿದ್ದೇನೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಓದುವಂಥ ಕಾದಂಬರಿಗಳು ಅದರಲ್ಲಿವೆ. ಮೇಲಿನ ಖಾನೆಯಲ್ಲಿ ಯಾರಾದರೂ ಸಾಯುವ ಕತೆಗಳು, ನಡುವೆ ಪ್ರೀತಿಯವು, ಕೆಳಗೆ ಧೈರ್ಯದವು. ಹೀಗೆ ಜೋಡಿಸಿದ್ದು ನಾನಲ್ಲ, ಕೇಳಿ ಕೇಳಿ ಹುಡುಗಿಯರೇ ಜೋಡಿಸಿಬಿಟ್ಟರು. "ಮಿಸ್, ಚೆನ್ನಾಗಿ ಅಳಿಸೋದು ಕೊಡಿ" ಅನ್ನುತ್ತಾಳೆ ಒಬ್ಬಳು. "ಮಿಸ್, ಲವ್ವು ಖಾಲಿಯಾಗೋಗಿದೆ" ಅನ್ನುತ್ತಾಳೆ ಇನ್ನೊಬ್ಬಳು. ನಮ್ಮ ಹೆಡ್ ಮಾಸ್ಟರಿಗೆ ಆ ನಡುವಿನ ಖಾನೆ ಕಂಡರೆ ಆಗುವುದಿಲ್ಲ. ಒಂದು ಸಲ ಕನ್ನಡಕ ಇಳಿಸಿ, "ಏನಮ್ಮಾ ಇವೆಲ್ಲ?" ಅಂದರು. "ಸಾರ್, ಪುಸ್ತಕದಲ್ಲಿ ಓಡಿಹೋದೋಳು ಸೋಮವಾರ ಬೀರುಗೇ ವಾಪಸ್ ಬರ್ತಾಳೆ, ಹೆದರಬೇಡಿ" ಅಂದೆ. ಆಮೇಲೆ ಅವರು ಆ ಕಡೆ ತಲೆ ಹಾಕಲಿಲ್ಲ.

ಆ ವಯಸ್ಸಿನ ಮಕ್ಕಳಿಗೆ ನಮ್ಮಲ್ಲಿ ಪುಸ್ತಕ ಸಿಗುವುದೇ ಕಷ್ಟ. ಅಂಗಡಿಗೆ ಹೋದರೆ ನರಿ ದ್ರಾಕ್ಷಿಯ ಕತೆ ತೋರಿಸುತ್ತಾರೆ, ಇಲ್ಲವೇ ಎತ್ತಿ ಹಾಕಿದರೆ ಕಾಲು ಮುರಿಯುವಂಥ ದಪ್ಪದ ಸಂಸಾರದ ಕತೆ ತೋರಿಸುತ್ತಾರೆ. ಹದಿನೈದು ವರ್ಷದ ಹುಡುಗಿಗೂ ಎದೆಯೊಳಗೆ ಏನೋ ನಡೆಯುತ್ತಿರುತ್ತದೆ ಅನ್ನುವುದು ಈ ಪುಣ್ಯಾತ್ಮರಿಗೆ ಹೊಳೆದೇ ಇಲ್ಲ. ಹಾಗಾಗಿ ಅನುವಾದಗಳನ್ನು ಹುಡುಕಿ ತರಿಸುತ್ತೇನೆ. ಅನುವಾದವಾಗದ ಇಂಗ್ಲಿಷ್ ಪುಸ್ತಕಗಳನ್ನು ನಿಘಂಟು ಇಟ್ಟುಕೊಂಡು ಓದಿ, ಕೊನೇ ಪಿರಿಯಡ್ಡಿನಲ್ಲಿ ಕತೆ ಹೇಳುತ್ತೇನೆ. ಪುಸ್ತಕ ಕೊಡುವುದರಲ್ಲಿ ನನಗೆ ಒಂದೇ ಒಂದು ನಿಯಮ ಇತ್ತು. ಸಾವಾದ ಮನೆಯ ಹುಡುಗಿಗೆ ಮೇಲಿನ ಖಾನೆಯದನ್ನು ಮೊದಲೇ ಕೊಡಬಾರದು. ಮೊದಲು ಧೈರ್ಯದ್ದು, ಆಮೇಲೆ ಪ್ರೀತಿಯದ್ದು. ಸಾವಿನದು ಅವಳಾಗಿಯೇ ಕೇಳಿದಾಗ.

ಈ ಪುಸ್ತಕದ ಹುಚ್ಚು ನನ್ನಿಂದ ಅಂಟಿದ್ದು ನನ್ನ ಅಕ್ಕನ ಮಗಳಿಗೆ. ಅಕ್ಕನನ್ನು ಕೊಟ್ಟಿದ್ದು ತಿ. ನರಸೀಪುರಕ್ಕೆ. ಭಾವನದು ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಒಬ್ಬಳೇ ಮಗಳು. ನಾನು ಅವ್ವನ ಜೊತೆ ನಂಜನಗೂಡಿನಲ್ಲೇ ಇದ್ದವಳು. ಮದುವೆ ಆಗಿರಲಿಲ್ಲ. ಮೊದಲು ಜಾತಕ ಕೂಡಲಿಲ್ಲ, ಆಮೇಲೆ ಬಣ್ಣ ಒಪ್ಪಲಿಲ್ಲ, ಕೊನೆಗೆ ವಯಸ್ಸಾಯಿತು ಅಂದರು. ನನಗೂ ಸಾಕಾಗಿಹೋಗಿತ್ತು. ಭಾನುವಾರ ಬಂತೆಂದರೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ, ದಾರಿಯಲ್ಲೇ ಒಂದು ಪುಸ್ತಕದ ಕೊನೆಯ ಪುಟಗಳನ್ನು ಮುಗಿಸಿ, ಅದನ್ನು ಹುಡುಗಿಯ ಕೈಗೆ ಹಾಕುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು, "ಚಿಕ್ಕಿ, ಇದ್ರಲ್ಲಿ ಯಾರ್ ಸಾಯ್ತಾರೆ? ಮೊದಲೇ ಹೇಳ್ಬಿಡು" ಅನ್ನುತ್ತಿದ್ದಳು. ಊಟಕ್ಕೆ ಕೂತರೂ ನಮ್ಮದು ಅದೇ ಮಾತು. ಆ ಹುಡುಗ ಕಾಗದ ಬರೆಯಬೇಕಿತ್ತು, ಈ ಹುಡುಗಿ ದೋಣಿ ಹತ್ತಬಾರದಿತ್ತು ಅಂತ ಜಗಳ ಬೇರೆ.

ಅಕ್ಕ ಓದುವವಳಲ್ಲ. ಸಾರು ಬಡಿಸುತ್ತ, "ಆ ಕತೆ ಪುಸ್ತಕ ಹೊಟ್ಟೆ ತುಂಬಿಸ್ತದಾ? ಇಬ್ಬರಿಗೂ ಅನ್ನದ ಬದ್ಲು ಅದ್ನೇ ಬಡಿಸ್ಲಾ?" ಅನ್ನುತ್ತಿದ್ದಳು. ಆದರೂ ಮುಂದಿನ ಭಾನುವಾರ ನಾನು ಬಸ್ಸಿಳಿಯುವ ಹೊತ್ತಿಗೆ ಮಗಳನ್ನು ಸ್ಟ್ಯಾಂಡಿಗೆ ಓಡಿಸುತ್ತಿದ್ದವಳೂ ಅವಳೇ.

ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಕ್ಕನಿಗೆ ಕಾಮಾಲೆ ಬಂತು. ನಾಟಿ ಔಷಧಿ ಕೊಡಿಸಿದರು, ಪಥ್ಯ ಮಾಡಿಸಿದರು, ಮೈಸೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಲಿವರ್ರೇ ಹೋಗಿತ್ತು. ಅಲ್ಲಿಂದ ಮನೆಗೆ ಬಂದಿದ್ದು ಹೆಣ. ಸುಟ್ಟ ಬೂದಿಯನ್ನು ಸಂಗಮದಲ್ಲಿ ಬಿಟ್ಟರು. ಹುಡುಗಿ ಅಳಲಿಲ್ಲ. ಬಂದವರಿಗೆಲ್ಲ ನೀರು ತಂದು ಕೊಟ್ಟಳು, ಚಾಪೆ ಹಾಸಿದಳು. ಹೆಂಗಸರು, "ಅಳವ್ವ, ಅತ್ಬಿಡವ್ವ" ಅಂತ ಅವಳ ಬೆನ್ನು ತಟ್ಟಿ ತಟ್ಟಿ ತಾವೇ ಅತ್ತರು.

ಹನ್ನೊಂದನೇ ದಿನದ ಕಾರ್ಯ ಮುಗಿದು ಎಲೆ ಎತ್ತುತ್ತಿದ್ದ ಹಾಗೇ ದೊಡ್ಡಪ್ಪ ನನ್ನನ್ನು ಹಿತ್ತಲಿಗೆ ಕರೆದರು. ಅವ್ವನೂ ಅಲ್ಲೇ ಕೂತಿದ್ದಳು.

"ನೋಡವ್ವ, ತಾಯಿ ಸತ್ ಮ್ಯಾಕೆ ತಂದೆ ಚಿಕ್ಕಪ್ಪ ಅಂತಾರೆ" ಅಂದರು ದೊಡ್ಡಪ್ಪ. "ಒರಗಿನೋಳು ಬಂದ್ರೆ ಆ ಮಗೀನ ಗತಿ ಏನಾಯ್ತದೆ ಯೋಳು? ನಿಂಗೂ ಒಂದ್ ನೆಲೆ ಆಯ್ತದೆ. ನಿಮ್ ಭಾವ ಒಳ್ಳೇ ಮನ್ಸ."

ನಮ್ಮ ಕಡೆ ಇದು ಹೊಸದಲ್ಲ. ಅಕ್ಕ ಸತ್ತರೆ ತಂಗಿಯನ್ನು ಕೊಡುತ್ತಾರೆ, ಮನೆ ಒಡೆಯಬಾರದು ಅಂತ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬಿಲ್ಲೆ ಮಾಡ್ಸಿ ಕಟ್ಕೊಂಡ್ರಾಯ್ತು ಕಣವ್ವ. ನಿಮ್ಮಕ್ಕ ನಿನ್ ಕತ್ತಲ್ಲೇ ಇರ್ತಾಳೆ" ಅಂದಳು. ಅದು ಸವತಿ ಬಿಲ್ಲೆ. ಸತ್ತ ಹೆಂಡತಿಯ ಹೆಸರಿನಲ್ಲಿ ಒಂದು ಪುಟ್ಟ ಬಿಲ್ಲೆ ಮಾಡಿಸಿ, ಎರಡನೆಯವಳು ತಾಳಿಯ ಪಕ್ಕ ಕಟ್ಟಿಕೊಳ್ಳುತ್ತಾಳೆ, ಮೊದಲನೆಯವಳು ಮುನಿಯದಿರಲಿ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಜಡೆ ಹಾಕಿದವಳು, ನಾನು ಮೊದಲ ಸಲ ಹೊರಗಾದಾಗ ಹೆದರಬೇಡ ಕಣೇ ಅಂತ ಪಕ್ಕದಲ್ಲಿ ಮಲಗಿದವಳು, ಅವಳು ನನಗೆ ಸವತಿಯೇ? "ಥೂ! ಬೂದಿ ಇನ್ನೂ ಆರಿಲ್ಲ, ಆಗಲೇ ಮದ್ವೆ ಮಾತಾ? ಬಾಯಿ ಮುಚ್ಚಿ ಸುಮ್ನಿರಿ ಇಬ್ರೂ" ಅಂದೆ. ಒಳಗಿದ್ದ ನೆಂಟರಿಗೆಲ್ಲ ಕೇಳಿಸಿತು. "ಆ ಪುಸ್ತಕ ಓದಿ ಓದಿ ಕೆಟ್ಟೋದ್ಳು" ಅಂತ ಯಾರೋ ಅಂದರು. ಓದದೆ ಕೆಟ್ಟವರು ಆ ಪಡಸಾಲೆಯಲ್ಲಿ ಎಷ್ಟು ಜನ ಕೂತಿದ್ದರೋ!

ಬಸ್ಸಿಗೆ ಬಿಡಲು ಬಂದ ಭಾವ ಸ್ಟ್ಯಾಂಡಿನಲ್ಲಿ ನಿಂತು, "ಅವರಂದಿದ್ದು ಕಣವ್ವ, ನಾನಂದಿದ್ದಲ್ಲ. ಮನಸ್ಸಿಗೆ ತಕಾಬೇಡ" ಅಂದರು. ಗಡ್ಡ ಬೆಳೆದಿತ್ತು. ಅವರ ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ಪಾಪ ಅನ್ನಿಸಿತು.

ಭಾನುವಾರಗಳು ನಿಲ್ಲಲಿಲ್ಲ. ಹುಡುಗಿಗೆ ಮೊದಲು ಕೆಳಗಿನ ಖಾನೆಯ ಪುಸ್ತಕ ಒಯ್ದೆ. ಅವಳು ತೆಗೆದೂ ನೋಡಲಿಲ್ಲ. "ಸಾಯೋದೇ ತಂದ್ಕೊಡು ಚಿಕ್ಕಿ" ಅಂದಳು. ಅವಳಾಗಿಯೇ ಕೇಳಿದಳಲ್ಲ, ತಂದುಕೊಟ್ಟೆ. ಅಮ್ಮ ಸತ್ತವಳ ಕತೆ, ಗೆಳತಿ ಮುಳುಗಿಹೋದವಳ ಕತೆ, ತಮ್ಮನನ್ನು ಕಳೆದುಕೊಂಡವಳ ಕತೆ. ಒಂದೊಂದೇ ಓದಿ ಮುಗಿಸಿ ವಾಪಸ್ ಕೊಟ್ಟಳು. ಅತ್ತಿರಬಹುದೇನೋ ಅಂತ ಅವಳ ಮುಖ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ.

ಒಂದು ದಿನ ಅಡಿಗೆಮನೆಯಲ್ಲಿ ನಿಂತು ಕೇಳಿದಳು. "ಚಿಕ್ಕಿ, ಈ ಪುಸ್ತಕದೋರೆಲ್ಲ ಅಮ್ಮನ ಸೀರೆ ಮೂಸಿ ನೋಡಿ ಅಳ್ತಾರೆ. ಅಮ್ಮ ಕುಟ್ಟಿಟ್ಟ ಚಟ್ನಿಪುಡಿ ಡಬ್ಬೀಲಿ ಉಳಿದಿದ್ರೆ ಏನ್ಮಾಡಬೇಕು ಅಂತ ಒಬ್ರೂ ಬರೆದಿಲ್ವಲ್ಲ. ತಿಂದ್ರೆ ಖಾಲಿಯಾಗುತ್ತೆ, ಇಟ್ರೆ ಹುಳ ಬೀಳುತ್ತೆ."

ಆ ಮಧ್ಯಾಹ್ನ ಮೂವರೂ ಆ ಪುಡಿಗೆ ಎಣ್ಣೆ ಹಾಕಿಕೊಂಡು ಮುದ್ದೆಯ ಜೊತೆ ತಿಂದೆವು. ಭಾವ ತಟ್ಟೆ ಬಿಟ್ಟು ಎದ್ದು ಹೋದರು. ಹುಡುಗಿ ಅವರ ತಟ್ಟೆಯಲ್ಲಿದ್ದುದನ್ನೂ ತಿಂದಳು.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಅಂಗಡಿಯಲ್ಲಿದ್ದ ಅಪ್ಪನಿಗೆ ಹೇಳದೆ ನನಗೆ ಫೋನ್ ಮಾಡಿದಳು. ನಾನು ಸ್ಕೂಲಿಗೆ ರಜೆ ಹಾಕಿ ಅಲ್ಲೇ ಉಳಿದೆ. ಗಂಜಿ ಕುಡಿಸಿದೆ, ಒದ್ದೆ ಬಟ್ಟೆ ಹಾಕಿದೆ. ನಿದ್ದೆಯಲ್ಲೂ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬಿಡಿಸಿಕೊಂಡು ಏಳಲು ಹೋದರೆ ಹುಬ್ಬು ಗಂಟಾಗುತ್ತಿತ್ತು. ಅಲ್ಲಿ ಕೂತಲ್ಲೇ ನಾನು ಮನಸ್ಸು ಮಾಡಿದೆ. ಬಿಲ್ಲೆಯೋ ಗಿಲ್ಲೆಯೋ, ಕಟ್ಟಿಕೊಂಡರಾಯಿತು. ಊರ ಹುಡುಗಿಯರಿಗೆಲ್ಲ ಧೈರ್ಯದ ಪುಸ್ತಕ ಹಂಚುವವಳು ನಾನು. ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಅಂತಾಗಬಾರದಲ್ಲ. ನನಗೆ ಭಾವನ ಮೇಲೆ ಬೇರೆ ಭಾವನೆ ಏನೂ ಇರಲಿಲ್ಲ. ಆ ಹುಡುಗಿ ಬೇಕಾಗಿದ್ದಳು. ಅವಳನ್ನು ಬೆಳಗ್ಗೆ ಎಬ್ಬಿಸಬೇಕು, ತಲೆ ಬಾಚಬೇಕು, ಬೈಯಬೇಕು ಅನ್ನುವ ಆಸೆ ನನಗೆ ಹೊಟ್ಟೆಕಿಚ್ಚಿನಷ್ಟೇ ಜೋರಾಗಿ ಇತ್ತು.

ಆದರೆ ಅವಳಿಗೆ ಇಷ್ಟವೋ ಇಲ್ಲವೋ? ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು. ಪುಸ್ತಕ ಕೊಡುವವರ ಬುದ್ಧಿ ನೋಡಿ. ಬೀರುವಿನಲ್ಲಿ ಹುಡುಕಿ ಒಂದು ಕಾದಂಬರಿ ತೆಗೆದೆ. ತಾಯಿ ಸತ್ತ ಹುಡುಗಿಯನ್ನು ಅವಳ ತಾಯಿಯ ತಂಗಿ ಬಂದು ಸಾಕುವ ಕತೆ. ಮೊದಲು ಮುನಿಸು, ಆಮೇಲೆ ಒಲವು, ಕೊನೆಯ ಪುಟದಲ್ಲಿ ಇಬ್ಬರೂ ಕೈ ಹಿಡಿದು ಹೊಲದ ದಾರಿಯಲ್ಲಿ ಹೋಗುತ್ತಾರೆ. ಅದನ್ನು ಕೊಟ್ಟು ಬಂದೆ. ಮುಂದಿನ ಭಾನುವಾರ ಅವಳು ಅದನ್ನು ವಾಪಸ್ ಕೊಡುತ್ತ, "ಚೆನ್ನಾಗಿದೆ" ಅಂದಳು. ಅಷ್ಟೇ. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ. ಮನೆಗೆ ಬಂದು ಅವ್ವನಿಗೆ, "ದೊಡ್ಡಪ್ಪನಿಗೆ ಹೇಳು, ಆಗಲಿ ಅಂತ. ಆದ್ರೆ ಮೊದಲು ನಾನೇ ಅವಳ ಹತ್ರ ಮಾತಾಡ್ತೀನಿ, ಅಲ್ಲೀಗಂಟ ಯಾರೂ ಉಸುರೆತ್ತಬೇಡಿ" ಅಂದೆ. ಅವ್ವ ದೇವರ ಮುಂದೆ ದೀಪ ಹಚ್ಚಿದಳು.

ಮುಂದೆ ನಾನೇ ಆಗುವುದಿಲ್ಲ ಅಂದದ್ದು ಯಾಕೆ ಅಂತ ನೆಂಟರಿಗೆ ಇವತ್ತಿಗೂ ಗೊತ್ತಿಲ್ಲ. ಬಿಲ್ಲೆಗೆ ಹೆದರಿದಳು ಅನ್ನುತ್ತಾರೆ, ಸಂಬಳದ ಕೊಬ್ಬು ಅನ್ನುತ್ತಾರೆ. ಅನ್ನಲಿ. ಭಾವ ವರ್ಷ ಕಳೆದು ಬೇರೆ ಕಡೆಯಿಂದ ಮದುವೆಯಾದರು. ಬಂದವಳು ಒಳ್ಳೆಯವಳೇ, ನನ್ನನ್ನು ಅಕ್ಕಾ ಅನ್ನುತ್ತಾಳೆ. ಆದರೂ ಹೊಸ ನೆಂಟಸ್ತನ ಬಂದ ಮನೆಯಲ್ಲಿ ಹಳೆಯವರು ಪ್ರತಿ ಭಾನುವಾರ ಹೋಗಿ ಕೂರಲು ಆಗುವುದಿಲ್ಲ. ಈಗ ಹುಡುಗಿ ಮೈಸೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಾಳೆ. ಯಾವಾಗಲಾದರೂ ಫೋನ್ ಮಾಡುತ್ತಾಳೆ. ಪುಸ್ತಕದ ಮಾತು ಬರುವುದಿಲ್ಲ.

ನಾನು ಅವಳ ಹತ್ತಿರ ಮಾತಾಡಲು ಹೋದ ಭಾನುವಾರ ನಡೆದದ್ದು ಇಷ್ಟು. ಅವಳನ್ನು ಕರೆದುಕೊಂಡು ಸಂಗಮದ ಹತ್ತಿರ ಹೋದೆ. ಬಿಸಿಲು ಇಳಿದಿತ್ತು. ಮೆಟ್ಟಿಲ ಮೇಲೆ ಯಾರೋ ತಲೆ ಬೋಳಿಸಿಕೊಂಡು ಕೂತಿದ್ದರು, ಪುರೋಹಿತರು ಫೋನಿನಲ್ಲಿ ಮಾತಾಡುತ್ತಿದ್ದರು. ನಾವು ಸ್ವಲ್ಪ ದೂರದಲ್ಲಿ ಕೂತೆವು. ನಾನು ಸುತ್ತಿಬಳಸದೆ ಹೇಳಿಬಿಟ್ಟೆ.

"ನಾನು ನಿಮ್ಮನೇಗೆ ಬಂದುಬಿಡ್ತೀನಿ ಕಣೇ. ಪೂರ್ತಿಯಾಗಿ. ದೊಡ್ಡೋರು ಹೇಳ್ತಿದ್ದಾರೆ, ನಾನೂ ಒಪ್ಕೊಂಡಿದ್ದೀನಿ. ನೀನೇನಂತೀಯ?"

ಅವಳು ನೀರನ್ನೇ ನೋಡುತ್ತಿದ್ದಳು. "ಬೇಡ ಚಿಕ್ಕಿ" ಅಂದಳು.

"ಯಾಕೆ? ನಾನು ಬಂದ್ರೆ ನಿಂಗಿಷ್ಟ ಇಲ್ವಾ?"

"ಇಷ್ಟಾನೇ. ಅದಕ್ಕೇ ಬೇಡ."

ಆಮೇಲೆ ನಿಧಾನಕ್ಕೆ ಹೇಳಿದಳು. ಅಮ್ಮನಿಗೆ ಕಾಮಾಲೆ ಬರುವ ಮೊದಲು, ಒಂದು ದಿನ ಇವಳು ಪುಸ್ತಕ ಓದುತ್ತ ಹಾಲು ಉಕ್ಕಿಸಿದ್ದಳಂತೆ. ಅಮ್ಮ ಪುಸ್ತಕ ಕಿತ್ತು ಅಟ್ಟದ ಮೇಲೆ ಎಸೆದಳಂತೆ. "ಆಗ ನಾನಂದೆ, ನೀನು ನಂಗೆ ಅಮ್ಮನೇ ಆಗಬಾರದಿತ್ತು, ಚಿಕ್ಕಿ ನಮ್ಮಮ್ಮ ಆಗಿದ್ರೆ ಚೆನ್ನಾಗಿರೋದು ಅಂತ. ಅಮ್ಮ ನಕ್ಬಿಟ್ಲು. ಹೋಗಿರು, ಬಟ್ಟೆ ಜೋಡಿಸಿಕೊಡ್ತೀನಿ ಅಂದ್ಲು. ಆಮೇಲೆ ಹಿತ್ಲಿಗೆ ಹೋಗಿ ಬಹಳ ಹೊತ್ತು ಬರ್ಲೇ ಇಲ್ಲ. ಈಗ ನೀನು ಬಂದ್ರೆ ನಾನು ಕೇಳಿದ್ದೇ ಆದಂಗಾಗುತ್ತೆ ಚಿಕ್ಕಿ. ನಾನು ದಿನಾ ಖುಷಿಯಾಗಿರ್ತೀನಿ. ಅಮ್ಮ ಸತ್ತಿದ್ದೇ ಒಳ್ಳೇದಾಯ್ತು ಅಂತ ಒಂದಿನ ಅನ್ನಿಸಿಬಿಟ್ರೆ?"

ಹಾಗೆಲ್ಲ ಅಂದುಕೊಳ್ಳಬಾರದು, ಮಕ್ಕಳು ಕೋಪದಲ್ಲಿ ಅನ್ನುತ್ತಾರೆ, ನಿಮ್ಮಮ್ಮ ಅವತ್ತೇ ಮರೆತಿರುತ್ತಾಳೆ. ಇದನ್ನೆಲ್ಲ ಹೇಳಿದೆ. ಹೇಳುವಾಗಲೇ ಗೊತ್ತಾಗುತ್ತಿತ್ತು, ಒಂದಕ್ಷರವೂ ಅವಳಿಗೆ ತಾಕುತ್ತಿಲ್ಲ ಅಂತ. ಅವಳು ಒಂದೇ ಒಂದು ಮಾತಿಗಾಗಿ ನನ್ನ ಮುಖ ನೋಡುತ್ತಿದ್ದಳು. ಅದು ಯಾವುದು ಅಂತ ನನಗೆ ಗೊತ್ತಿತ್ತು.

"ಸರಿ, ಬರಲ್ಲ" ಅಂದೆ ಕೊನೆಗೆ.

"ನಿಜವಾಗ್ಲೂ?"

"ನಿಜವಾಗ್ಲೂ ಬರಲ್ಲ ಕಣೇ."

ಆಗ ಅತ್ತಳು. ಅವಳಮ್ಮ ಸತ್ತ ಮೇಲೆ ಅದೇ ಮೊದಲು. ನನ್ನ ತೊಡೆಯ ಮೇಲೆ ಬಿದ್ದು, ಹೋಗಬೇಡ ಚಿಕ್ಕಿ, ಹೋಗಬೇಡ ಚಿಕ್ಕಿ ಅಂತ ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವಳ ತಲೆ ಸವರುತ್ತ, ಬರುವುದಿಲ್ಲ ಅಂತಲೇ ಹೇಳುತ್ತ ಕೂತಿದ್ದೆ.