ನನ್ನ ಹೆಸರಿನ ಎಡೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಥೆ ಕಟ್ಟುವ ಚಾಳಿ ನನಗಿಲ್ಲ. ಮಸ್ಕತ್ತಿನ ಬ್ಯೂಟಿ ಪಾರ್ಲರಿನಲ್ಲಿದ್ದಾಗಲೂ, ಗಿರಾಕಿ ಕೇಳಿದ ಬಣ್ಣ ಅವರಿಗೆ ಒಪ್ಪದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದವಳು ನಾನು. ಇದು ಹೋದ ಪಿತೃಪಕ್ಷದಲ್ಲಿ, ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ನಡೆದದ್ದು.

ಚಿಕ್ಕಂದಿನಲ್ಲಿ ನನಗೆ ಬೋಟಿ ಗೊಜ್ಜು ಎಂದರೆ ಪ್ರಾಣ. ಕುರಿಯ ಕರುಳನ್ನು ಹತ್ತಾರು ನೀರಲ್ಲಿ ತೊಳೆದು ಅಮ್ಮ ಮಾಡುತ್ತಿದ್ದಳು. ಮಸ್ಕತ್ತಿಗೆ ಹೋದ ಮೇಲೆ ಅದೇ ಬೋಟಿ ಎಂದರೆ ವಾಕರಿಕೆ. ಕಾರಣವಿದೆ. ವರ್ಷಕ್ಕೊಮ್ಮೆ, ದಸರಾಕ್ಕೆ ಸ್ವಲ್ಪ ಮುಂಚೆ, ಒಂದು ಸಂಜೆ ಇದ್ದಕ್ಕಿದ್ದಂತೆ ಬಾಯಿ ತುಂಬ ಬೋಟಿಯ ರುಚಿ ಬರುತ್ತಿತ್ತು... ತಣ್ಣಗಾಗಿ ಕೊಬ್ಬು ಕಟ್ಟಿದ ಬೋಟಿ. ಒಂದು ಸಲ ಕನ್ನಡಿ ಮುಂದೆ ನಿಂತು ಹಲ್ಲಿನ ಸಂದಿಯಿಂದ ಬೂದು ಬಣ್ಣದ ಎಳೆಯೊಂದನ್ನು ಎಳೆದು ತೆಗೆದೆ. ಅವತ್ತು ನಾನು ತಿಂದದ್ದು ಬರೀ ಮೊಸರನ್ನ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿ ಮಲಗಿದ್ದೆ.

ಹೊರದೇಶದ ಸಹವಾಸ ಸಾಕೆಂದು ಗಂಟುಮೂಟೆ ಕಟ್ಟಿ ಬಂದಿಳಿದ ದಿನವೇ ಮನೆಯಲ್ಲಿ ಹಿರಿಯರ ಹಬ್ಬ. ಅಮ್ಮ ತಬ್ಬಿಕೊಂಡು ಅತ್ತಳು. ಅಣ್ಣ ಸುಲ್ತಾನ್‌ಪೇಟೆಯ ತನ್ನ ಲಗ್ನಪತ್ರಿಕೆ ಅಂಗಡಿಗೆ ಬೇಗ ಬಾಗಿಲು ಹಾಕಿ ಬಂದಿದ್ದ. ಅತ್ತಿಗೆ ಒಲೆ ಮುಂದೆ ಇದ್ದಳು. ಮನೆಯೆಲ್ಲ ಬೋಟಿ ವಾಸನೆ. ದುಪಟ್ಟಾ ಮೂಗಿಗೆ ಒತ್ತಿಕೊಂಡೇ ಒಳಗೆ ಕಾಲಿಟ್ಟೆ.

ನಮ್ಮಲ್ಲಿ ಆ ದಿನ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅವರಿಗಿಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಟ್ಟೆ ಇಟ್ಟು, ಕೋಣೆಯ ಬಾಗಿಲು ಮುಚ್ಚುವುದು. ಅವರು ಉಣ್ಣಲಿ ಎಂದು ಎಲ್ಲರೂ ಹೊರಗೆ ಸದ್ದು ಮಾಡದೆ ಕೂರುವುದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಮ್ಮ ಊಟ ಅದಾದ ಮೇಲೆಯೇ.

ದೀಪ ಹಚ್ಚಿದ ಮೇಲೆ ಕೋಣೆಯೊಳಗೆ ಇಣುಕಿದೆ. ಅಪ್ಪನ ಫೋಟೊ ಮುಂದೆ ಒಂದು ಎಲೆ, ಅಜ್ಜಿಯ ಫೋಟೊ ಮುಂದೆ ಒಂದು. ಪಕ್ಕದಲ್ಲಿ ಮೂರನೆಯದು. ಅದಕ್ಕೆ ಫೋಟೊ ಇರಲಿಲ್ಲ, ಮಡಿಸಿಟ್ಟ ಹಳದಿ ಚೂಡಿದಾರ್ ಇತ್ತು. ಎಲೆ ತುಂಬ ಬೋಟಿ.

ಚೂಡಿದಾರ್ ನನ್ನದು... ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದದ್ದು.

ಯಾರಿಗೆ ಇದು ಎಂದು ಕೇಳಿದರೆ ಅಮ್ಮ ದೀಪದ ಬತ್ತಿ ಸರಿಮಾಡತೊಡಗಿದಳು. ಅಣ್ಣನೇ ತಡವರಿಸುತ್ತ ಹೇಳಿದ. ನಾನು ಹೋದ ಹೊಸತರಲ್ಲಿ ಪಾರ್ಲರಿನ ಒಡತಿ ನನ್ನ ಫೋನ್ ಕಿತ್ತಿಟ್ಟುಕೊಂಡಿದ್ದಳು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಅಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ಸತ್ತಳಂತೆ ಎಂದು ಯಾರೋ ಹೇಳಿದರು. ಅದು ನಾನೇ ಎಂದು ನಂಬಿದ ಅಮ್ಮ ಆ ವರ್ಷ ನನಗೂ ಎಡೆ ಇಟ್ಟಳು. ನಾನು ಮನೆಗೆ ಫೋನ್ ಮಾಡಿದ್ದು ಹಬ್ಬ ಕಳೆದ ಮೇಲೆ.

"ನಾನು ಬದುಕಿದೀನಿ ಅಂತ ಗೊತ್ತಾದ್ಮೇಲೂ ನಿಲ್ಲಿಸ್ಲಿಲ್ವಾ?"

"ಹೆಂಗೇ ನಿಲ್ಸೋದು," ಅಮ್ಮ ಪಿಸುಗುಟ್ಟಿದಳು. "ಬಾಗ್ಲು ತೆಗೆದಾಗ ಆ ಎಲೆ ಖಾಲಿ ಆಗಿತ್ತು ಕಣೇ..."

ನನಗೆ ಮೈಯೆಲ್ಲ ಹೇಸಿಗೆಯಾಯಿತು. ಬದುಕಿರುವ ಮಗಳಿಗೆ ವರ್ಷ ವರ್ಷವೂ ಸತ್ತವರ ಕೂಳು! ಮಸ್ಕತ್ತಿನಲ್ಲಿ ನನ್ನ ಬಾಯಿಗೆ ಬರುತ್ತಿದ್ದದ್ದು ಇದೇ.

"ಈ ಮನೇಲಿ ನನ್ನನ್ನ ಬದುಕಿರೋರ ಲೆಕ್ಕಕ್ಕೆ ಸೇರ್ಸಿ, ಅಷ್ಟೇ ಸಾಕು," ಎಂದೆ. ಎಲೆಯನ್ನೂ ಚೂಡಿದಾರನ್ನೂ ಎತ್ತಿ ತಂದು ಅಡುಗೆಮನೆಯ ಕಟ್ಟೆ ಮೇಲೆ ಕುಕ್ಕಿದೆ. ಯಾರೂ ತಡೆಯಲಿಲ್ಲ.

ಅಣ್ಣ ಕೋಣೆಯ ಬಾಗಿಲು ಮುಚ್ಚಿದ. ಹಜಾರದಲ್ಲಿ ಸುಮ್ಮನೆ ಕೂತೆವು. ಬೀದಿಯಲ್ಲಿ ಆಟೊ ಒಂದು ಹೋಯಿತು. ಆಮೇಲೆ ಒಳಗಿಂದ... ಬರಿಗೈಯಲ್ಲಿ ನೆಲ ಸವರುವ ಸದ್ದು. ಏನನ್ನೋ ಹುಡುಕಿದ ಹಾಗೆ. ಸವರುವುದು ನಿಂತು ಇನ್ನೊಂದು ಸದ್ದು ಶುರುವಾಯಿತು. ಒದ್ದೆ ಸದ್ದು. ಒಳಗೆ ಯಾರೋ ನೆಲ ನೆಕ್ಕುತ್ತಿದ್ದರು.

ನನ್ನ ನಾಲಿಗೆಗೆ ಫಿನಾಯಿಲ್ ರುಚಿ ಹತ್ತಿತು. ಫಿನಾಯಿಲ್, ಧೂಳು, ಯಾವುದೋ ಜಿಡ್ಡು. ಗಂಟಲಿಗೆ ಏನೋ ಸಿಕ್ಕಿಕೊಂಡಿತು. ಬೆರಳು ಹಾಕಿ ಎಳೆದೆ... ಉದ್ದನೆಯ ನರೆಗೂದಲು. ಅಮ್ಮನ ತಲೆಯದು.

ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಬೇಕಾದವರು ನಾವು, ಹೊರಗಿನಿಂದ. ಅದು ಕೇಳಿದ್ದು ಒಳಗಿನಿಂದ.

ಅಮ್ಮ ಎದ್ದು ಹೋಗಿ ಆ ಎಲೆಯನ್ನೂ ಬಟ್ಟೆಯನ್ನೂ ತಂದಳು. ಬಾಗಿಲನ್ನು ಒಂದಿಷ್ಟೇ ತೆರೆದು, ಮುಖ ತಿರುಗಿಸಿಕೊಂಡು ಒಳಗೆ ತಳ್ಳಿ ಮತ್ತೆ ಮುಚ್ಚಿದಳು. ನಾನು ಹಲ್ಲು ಕಚ್ಚಿಕೊಂಡು, ಬಾಯಿ ಬಿಗಿದು ಕೂತೆ. ಆದರೂ ಬಾಯಿ ತುಂಬಿತು. ಬಿಸಿ ಬೋಟಿ. ಗಂಟಲು ತಾನಾಗಿಯೇ ನುಂಗಿತು, ಮತ್ತೆ ನುಂಗಿತು. ವಾಂತಿಯೂ ಬರಲಿಲ್ಲ.

ಅಣ್ಣ ಬಾಗಿಲು ತಟ್ಟಿ ತೆರೆದಾಗ ಅಪ್ಪನ ಎಲೆ, ಅಜ್ಜಿಯ ಎಲೆ ಇಟ್ಟಹಾಗೇ ಇದ್ದವು. ಮೂರನೆಯದು ತೊಳೆದಿಟ್ಟಂತೆ ಹೊಳೆಯುತ್ತಿತ್ತು.

ಇವತ್ತಿಗೂ ನಾನು ಆ ಕೋಣೆಯೊಳಗೆ ಕಾಲಿಡುವುದಿಲ್ಲ. ಏನು ಬಾಯಿಗಿಟ್ಟರೂ ಯಾರೋ ತಿಂದುಬಿಟ್ಟ ಎಂಜಲಿನಂತೆ ಅನಿಸುತ್ತದೆ. ಆದರೆ ನನ್ನ ನಿದ್ದೆ ಕೆಡಿಸುವುದು ಅದಲ್ಲ, ಆ ರಾತ್ರಿಯ ಊಟ.

ಅತ್ತಿಗೆ ಹಜಾರದಲ್ಲಿ ಎಲೆ ಹಾಕಿದಳು. ಅಮ್ಮನಿಗೆ ಒಂದು, ಅಣ್ಣನಿಗೆ ಒಂದು, ತನಗೊಂದು. ಬಡಿಸಿಕೊಂಡು ಕೂತರು. ನಾನು ಗೋಡೆಗೆ ಒರಗಿ ಎದುರಿಗೇ ನಿಂತಿದ್ದೆ. ಯಾರೂ ತಲೆ ಎತ್ತಲಿಲ್ಲ, ಅಮ್ಮ ಕೂಡ. ನನ್ನ ಎಲೆ ಎಲ್ಲಿ ಎಂದು ಕೇಳಬೇಕೆಂದು ಬಾಯಿ ತೆರೆದೆ...

ಕೇಳಲಿಲ್ಲ. ನನ್ನ ಹೊಟ್ಟೆ ತುಂಬಿತ್ತು.