ಬಣ್ಣ ಕುಡಿಯದ ಗರಿಗಳು

ಚರ್ಮದಲ್ಲಿ ಹಕ್ಕಿಯ ಗರಿ ಕೆತ್ತುವುದನ್ನು ನಾನು ಕಲಿತದ್ದು ಆರ್.ಟಿ. ನಗರದ ಒಂದು ಮನೆಯ ಮುಂದಿನ ಕೋಣೆಯಲ್ಲಿ, ನಲವತ್ತೊಂದನೇ ವಯಸ್ಸಿನಲ್ಲಿ. ಕಲಿಸಿದವರನ್ನು ಚಾಚಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ಮೊದಲು ಕುದುರೆಯ ಜೀನು ಹೊಲಿಯುತ್ತಿದ್ದ ಮನುಷ್ಯ. ಆ ಕೆಲಸ ನಿಂತ ಮೇಲೆ ಟೋಪಿಗೆ ಸಿಕ್ಕಿಸುವ, ಗಾಜಿನ ಚೌಕಟ್ಟಿನಲ್ಲಿಡುವ ಗರಿಗಳಿಗೆ ಕೈ ಹಾಕಿದರು. ಅವರು ಕೆತ್ತಿದ ಹದ್ದಿನ ಗರಿ ಮೇಜಿನ ಮೇಲಿದ್ದಾಗ ಚಾಚಿ ಫ್ಯಾನ್ ಹಾಕಿದರು, ಹಾರಿಹೋಗುತ್ತದೆಂದು ನಾನು ಗಾಬರಿಯಿಂದ ಕೈ ಅಡ್ಡ ಇಟ್ಟೆ. ಚಾಚಾ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು.

ಅಟ್ಟೂರಿನ ನಮ್ಮ ಮನೆಯಲ್ಲಿ ಅತ್ತೆಗೆ ಇದು ಒಂಚೂರೂ ಹಿಡಿಸಲಿಲ್ಲ. "ಚರ್ಮ ಮುಟ್ಟಿದ ಕೈಯಲ್ಲಿ ಅನ್ನದ ಪಾತ್ರೆ ಮುಟ್ಬೇಡ ಕಣೇ" ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಆಗ್ಲಿ ಬಿಡಿ, ಇವತ್ತಿಂದ ನೀವೇ ಅಡುಗೆ ಮಾಡಿ" ಎಂದೆ. ಎರಡು ದಿನದ ನಂತರ ಬಾಲ್ಕನಿಯಲ್ಲಿ ಒಂದು ಮೇಜು ನನ್ನದಾಯಿತು.

ಕೆಲಸ ಹೀಗೆ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮವನ್ನು ನೆನೆಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಕೆನ್ನೆಗೆ ಮುಟ್ಟಿಸಿ ನೋಡಬೇಕು. ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಆಗ ನಡುವಿನ ದಂಟು ಎಬ್ಬಿಸಿ, ಅದರ ಎರಡೂ ಕಡೆ ಸಣ್ಣ ಚಾಕುವಿನಿಂದ ಕೂದಲೆಳೆಯಂಥ ಗೀರುಗಳನ್ನು ಎಳೆಯುತ್ತ ಹೋಗಬೇಕು, ನೂರಾರು. ಗೀರು ಸರಿಯಾಗಿ ಬಿತ್ತೋ ಇಲ್ಲವೋ ಎಂಬುದು ಆಗ ಯಾರಿಗೂ ತಿಳಿಯುವುದಿಲ್ಲ. ಬಣ್ಣ ಹಚ್ಚಿದಾಗ, ಆಳವಾದಲ್ಲಿ ಕಪ್ಪಾಗಿ, ಮೇಲೆಮೇಲೆ ಹೋದಲ್ಲಿ ಪೇಲವವಾಗಿ, ಕೈಯ ಗುಟ್ಟೆಲ್ಲ ರಟ್ಟಾಗುತ್ತದೆ. ನಾನು ಕೆತ್ತಿ ಮುಗಿಸಿ ಹೆಮ್ಮೆಯಿಂದ ತೋರಿಸಿದಾಗೆಲ್ಲ ಚಾಚಾ ಹೇಳುತ್ತಿದ್ದರು: "ಮೊದ್ಲು ಬಣ್ಣ ಕುಡೀಲಿ, ಆಮೇಲೆ ಮಾತಾಡು."

ನನ್ನ ಮೊದಲ ಗರಿ ಬಣ್ಣ ಕುಡಿದಾಗ ಅವರು ಅದನ್ನು ಬೆಳಕಿಗೆ ಹಿಡಿದು, "ಇದು ಗರಿ ಅಲ್ಲಮ್ಮಾ, ಆಡು ಕಚ್ಚಿದ ಬಾಳೆ ಎಲೆ" ಎಂದರು. ಸಿಟ್ಟಿನಲ್ಲಿ ಅದನ್ನು ಕಿತ್ತುಕೊಂಡು ಕಸದ ಡಬ್ಬಿಗೆ ಎಸೆದೆ. ಅವರು ಎದ್ದು ಹೋಗಿ ಕಸದಿಂದ ಎತ್ತಿ, ಅಂಗಿಯ ತುದಿಯಲ್ಲಿ ಒರೆಸಿ, ಬಾಗಿಲ ಹಿಂದಿನ ಒಂದು ತಂತಿಗೆ ಪೋಣಿಸಿದರು. ಆ ಮನೆಯ ಪದ್ಧತಿಯೇ ಅದು. ಕಲಿಯುವವರ ಕೆಟ್ಟ ಗರಿಯನ್ನು ಬಿಸಾಡುವ ಹಾಗಿಲ್ಲ, ಮಾಡಿದ ಕ್ರಮದಲ್ಲೇ ತಂತಿಗೆ ಏರಬೇಕು. "ಹೋದ ವಾರದ್ದು ಪಕ್ಕದಲ್ಲಿ ಇಲ್ದಿದ್ರೆ ಈ ವಾರದ್ದು ಹೆಂಗಿದೆ ಅಂತ ಹೆಂಗ್ ಗೊತ್ತಾಗತ್ತೆ?" ಎಂದರು. ಹೀಗೆ ನನ್ನ ಮೂವತ್ತನಾಲ್ಕು ಗರಿಗಳು ಅಲ್ಲಿ ತೂಗಾಡಿದವು. ಬಂದುಹೋಗುವವರ ಮುಂದೆ ನನ್ನ ಮಾನ ಹರಾಜು. ಆದರೆ ಬೇಜಾರಾದ ದಿನ ಆ ತಂತಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರೆ, ಪರವಾಗಿಲ್ಲ ಕಣೇ, ನಡೀತಿದೆ ಅನ್ನಿಸುತ್ತಿತ್ತು.

ಹೋದ ವರ್ಷ ಚಾಚಾಗೆ ಪಾರ್ಶ್ವವಾಯು ಬಡಿಯಿತು. ಮಾತು ತೊದಲಿದರೂ ಉಳಿಯಿತು, ಬಲಗೈ ಹೋಯಿತು. ಅದರ ಆಸೆ ಬಿಡಿ ಎಂದರು ಡಾಕ್ಟರು. ಮನೆಗೆ ಬಂದ ಮೂರನೇ ವಾರ ಚಾಚಾ ತಂತಿಯಿಂದ ನನ್ನ ಗರಿಗಳನ್ನೆಲ್ಲ ಬಿಚ್ಚಿಸಿ ನನ್ನ ಮಡಿಲಿಗೆ ಹಾಕಿಸಿದರು. "ನಿಂದು ಮುಗೀತು. ಈಗ ನಂದು ಶುರು" ಎಂದರು. ಅರವತ್ತೆಂಟನೇ ವಯಸ್ಸಿನಲ್ಲಿ ಎಡಗೈಗೆ ಗರಿ ಕಲಿಸಲು ಕೂತರು. ಎಡಗೈ ಕಲಿತರೆ ತಾನು ಮನುಷ್ಯ, ಇಲ್ಲದಿದ್ದರೆ ಹಾಸಿಗೆಯ ಮೇಲಿನ ಸಾಮಾನು ಎಂದು ಅವರು ತೀರ್ಮಾನ ಮಾಡಿಕೊಂಡುಬಿಟ್ಟಿದ್ದರು.

ಪ್ರತಿ ಶನಿವಾರ ಹೋಗುತ್ತಿದ್ದೆ. ನಾನು ಚರ್ಮವನ್ನು ಕಲ್ಲಿನ ಮೇಲೆ ಒತ್ತಿ ಹಿಡಿಯುವುದು, ಅವರು ಎಡಗೈಯಲ್ಲಿ ಕೊಯ್ಯುವುದು. ಬೆವರು ಅವರ ಗಡ್ಡದಿಂದ ನನ್ನ ಬೆರಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಗರಿಗೆ ಮೂರು ಗಂಟೆ. ಬಣ್ಣ ಹಚ್ಚುವುದಕ್ಕೆ ಎರಡು ಕೈ ಬೇಕು, ಅದಕ್ಕೂ ಮೊದಲು ಚರ್ಮ ಪೂರ್ತಿ ಒಣಗಬೇಕು; ಹಾಗಾಗಿ ಅದನ್ನು ನಾನು ಮನೆಗೆ ಒಯ್ದು, ಬಣ್ಣ ಹಾಕಿ, ಮುಂದಿನ ಶನಿವಾರ ತರಬೇಕೆಂದು ಗೊತ್ತುಮಾಡಿಕೊಂಡೆವು.

ಮೊದಲನೆಯದನ್ನು ಹಾಗೇ ತಂದುಕೊಟ್ಟೆ. ಅಯ್ಯೋ, ಅದು ಗರಿಯಾಗಿರಲಿಲ್ಲ, ಗಾಯವಾಗಿತ್ತು. ಚಾಚಾ ಅದನ್ನೂ ತಂತಿಗೆ ಹಾಕಿಸಿದರು. ಆಮೇಲಿನ ವಾರ ಚಾಚಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅತ್ತರು.

"ಆ ಗರಿ ನೋಡಿದ್ಮೇಲೆ ಇವರು ಎರಡ್ ದಿನ ಊಟ ಮುಟ್ಟಿಲ್ಲ ಬೇಟಿ. ನೀನೇ ಸ್ವಲ್ಪ ಸರಿ ಮಾಡಿ ತಂದ್ಬಿಡು. ಅವರಿಗೇನ್ ಗೊತ್ತಾಗತ್ತೆ?"

ಕೊಯ್ದ ಚರ್ಮವನ್ನು ಸರಿ ಮಾಡಲು ಬರುವುದಿಲ್ಲ. ಅದಕ್ಕೆ ನಾನು ಇನ್ನೊಂದು ದಾರಿ ಹಿಡಿದೆ. ಅವರ ಗರಿಯ ಅಂಚನ್ನು ಹೊಸ ಚರ್ಮದ ಮೇಲೆ ಗೆರೆ ಎಳೆದುಕೊಂಡು, ಅದೇ ಆಕಾರದಲ್ಲಿ ನಾನೇ ಒಂದನ್ನು ಕೆತ್ತಿದೆ. ತೀರಾ ಚೆನ್ನಾಗಿ ಅಲ್ಲ, ಬೇಕಂತಲೇ ಅಂಕುಡೊಂಕಾಗಿ. ಮುಂದಿನ ವಾರ ಡೊಂಕು ಸ್ವಲ್ಪ ಕಡಿಮೆ, ಅದರ ಮುಂದಿನ ವಾರ ಇನ್ನೂ ಕಡಿಮೆ. ಎಂಥ ಜಾಣೆ ನಾನು ಎಂದು ಬೀಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವರು ಕೆತ್ತಿದ್ದನ್ನು ಪ್ರತಿ ಮಂಗಳವಾರ ಹಳೇ ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕುತ್ತಿದ್ದೆ. ಬೀದಿಯ ತಿರುವಿನಲ್ಲಿ ಗಾಡಿಯ ಹಾಡು ಕೇಳಿದರೆ ಓಡಿಹೋಗಿ ಕೊಡುತ್ತಿದ್ದೆ.

ಚಾಚಾ ಚೇತರಿಸಿಕೊಂಡರು. ಊಟ ಸೇರಿತು. ಗಡ್ಡ ಬಾಚಿಕೊಂಡು ಕೂರುತ್ತಿದ್ದರು. "ನೋಡಮ್ಮಾ, ನನ್ನ ಎಡಗೈ ನಿನ್ನ ಬಲಗೈಗಿಂತ ಬೇಗ ಕಲೀತಾ ಇದೆ. ನೀನು ಮೂವತ್ನಾಲ್ಕು ಹಾಳು ಮಾಡ್ದೆ, ನಾನು ಇಪ್ಪತ್ರಲ್ಲಿ ಮುಗಿಸ್ತೀನಿ" ಎಂದು ಕಿಚಾಯಿಸಿದರು. ಚಾಚಿ ಬಾಗಿಲ ಸಂದಿಯಿಂದ ನನಗೆ ಕೈ ಮುಗಿದರು. ತಂತಿಯಲ್ಲಿ ಹನ್ನೊಂದು ಗರಿಗಳಾದವು. ಒಂದು ಅವರದು, ಹತ್ತು ನನ್ನವು.

ಅದರ ಮುಂದಿನ ಶನಿವಾರ ನಾನು ಹೋದಾಗ ತಂತಿ ಅವರ ತೊಡೆಯ ಮೇಲಿತ್ತು. ಮೊದಲ ಗರಿಯ ಮೇಲೆ ಹೆಬ್ಬೆರಳಿನ ಉಗುರನ್ನು ಎಡದಿಂದ ಬಲಕ್ಕೆ ಎಳೆದರು, ಬಲದಿಂದ ಎಡಕ್ಕೆ ಎಳೆದರು. ಆಮೇಲೆ ಎರಡನೆಯದರ ಮೇಲೆ. ಆಮೇಲೆ ಕೊನೆಯದರ ಮೇಲೆ. ಬಲಗೈಯವರ ಚಾಕು ಒಂದು ಕಡೆಗೆ ವಾಲುತ್ತದೆ, ಎಡಗೈಯವರದು ಇನ್ನೊಂದು ಕಡೆಗೆ. ಉಗುರು ಎಳೆದರೆ ಒಂದು ದಿಕ್ಕಿನಲ್ಲಿ ಜಾರುತ್ತದೆ, ಇನ್ನೊಂದರಲ್ಲಿ ತಡೆಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೇ ಅವರು. ಡೊಂಕನ್ನೆಲ್ಲ ನಕಲು ಮಾಡಿದ ಜಾಣೆಗೆ ಇದೊಂದು ನೆನಪಿರಲಿಲ್ಲ.

"ಇದು ನಿನ್ನ ಕೈ" ಎಂದರು.

ಹೌದೆಂದು ತಲೆ ಆಡಿಸಿದೆ.

"ಸರಿ. ನಂದು ತಂದ್ಕೊಡು. ಸಾಲಾಗಿ ಇಟ್ಟು ನೋಡ್ಬೇಕು."

ಕಸಕ್ಕೆ ಹೋಯಿತು ಎಂದೆ. ಅವರು ಎರಡು ಸಲ ಕೇಳಿದರು, "ಕಸಕ್ಕಾ? ಎಲ್ಲಾನಾ?" ನನ್ನ ಬಾಳೆ ಎಲೆಯನ್ನು ಡಬ್ಬಿಯಿಂದ ಎತ್ತಿ ಒರೆಸಿದ ಮನುಷ್ಯ. ಚಾಚಿ ಒಳಗಿಂದ ಓಡಿ ಬಂದು, "ನಾನೇ ಹೇಳಿದ್ದು, ಬಯ್ಯೋದಾದ್ರೆ ನಂಗೆ ಬಯ್ರಿ" ಎಂದು ಅತ್ತರು. ಚಾಚಾ ಇಬ್ಬರಿಗೂ ಬಯ್ಯಲಿಲ್ಲ. ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಅವರು ಉಳಿದದ್ದು ನಾಲ್ಕು ತಿಂಗಳು. ಚಾಕು ಮುಟ್ಟಲಿಲ್ಲ. ನಾನು ನೆನೆಸಿದ ಚರ್ಮ ತಂದು ಕೆನ್ನೆಗೆ ಹಿಡಿದರೆ ಮುಖ ತಿರುಗಿಸುತ್ತಿದ್ದರು. ಅವರನ್ನು ಮಣ್ಣು ಮಾಡಿದ ಮೇಲೆ ಚಾಚಿ ಆ ತಂತಿಯನ್ನು ನನಗೆ ಕೊಟ್ಟರು. ನನ್ನ ಹತ್ತನ್ನು ತೆಗೆದು ಅವರ ಒಂದನ್ನು ಮಾತ್ರ ಅದರಲ್ಲಿ ಉಳಿಸಿದ್ದೇನೆ. ಬಾಲ್ಕನಿಯ ಮೇಜಿನ ಮೇಲೆಯೇ ಇದೆ. ಪಕ್ಕದಲ್ಲಿ ಇನ್ನೊಂದು ಇಲ್ಲದೆ ಅದರಿಂದ ಏನೂ ತಿಳಿಯುವುದಿಲ್ಲ.

ಗುಟ್ಟು ರಟ್ಟಾದ ಆ ಶನಿವಾರವೇ, ನಾನು ಹೊರಡಲು ಚಪ್ಪಲಿ ಮೆಟ್ಟುವಾಗ ಚಾಚಾ ಕರೆದರು. ಮಂಚದ ಪಕ್ಕ ಹೋಗಿ ಬಗ್ಗಿದೆ. ತುಂಬ ಮೆಲ್ಲಗೆ ಕೇಳಿದರು.

"ಹೋದ ವಾರ ನಾನ್ ಕೆತ್ತಿದ್ನಲ್ಲ, ಅದು ಬಣ್ಣ ಒಂದೇ ಸಮ ಕುಡೀತಾ?"

"ಕುಡೀತು ಚಾಚಾ" ಎಂದೆ. "ಚೆನ್ನಾಗ್ ಕುಡೀತು."

ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ಇದ್ದ ಆಸೆ ನಾನು ನೋಡುತ್ತಿದ್ದ ಹಾಗೇ ಹೋಯಿತು.

"ಹಚ್ಚೇ ಇಲ್ಲ ಅಲ್ವಾ ನೀನು" ಎಂದರು.