ಅಪ್ಪಯ್ಯನ ಚಳಿಗೆ ಜಗ್ಗದ ಕಿತ್ತಳೆ

ನಮ್ಮ ಅಪ್ಪಯ್ಯ ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಜೀವಮಾನದಲ್ಲಿ ಒಂದು ತುಳಸಿ ಗಿಡವನ್ನೂ ಬದುಕಿಸಿದವನಲ್ಲ. ಅಂಥವನು ತೊಂಬತ್ತರ ದಶಕದಲ್ಲಿ ಒಮ್ಮೆ ಶಿರಸಿಯ ಕೃಷಿ ಮೇಳಕ್ಕೆ ಹೋಗಿ, ಕಸಿ ಕಿತ್ತಳೆ ಗಿಡವೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ. ಹಿಮ ಬಿದ್ದರೂ ಜಗ್ಗದ ಜಾತಿ ಎಂದು ಮಾರುವವನು ಹೇಳಿದ್ದನಂತೆ. ಯಲ್ಲಾಪುರದಲ್ಲಿ ಹಿಮ ಯಾವಾಗ ಬಿದ್ದಿತ್ತು ಎಂದು ಇವನೂ ಕೇಳಲಿಲ್ಲ.

ಡಿಸೆಂಬರ್ ಬಂತು. ಅಪ್ಪಯ್ಯನಿಗೆ ಮಾರಿದವನ ಮಾತಿನ ಮೇಲೆ ಅನುಮಾನವೂ ಬಂತು. ಆಯಿಯ, ಅಂದರೆ ನಮ್ಮಮ್ಮನ, ಒಂದೇ ಒಂದು ಉಣ್ಣೆ ಶಾಲು ತೆಗೆದು ಗಿಡಕ್ಕೆ ಸುತ್ತಿ, ಸೆಣಬಿನ ದಾರದಿಂದ ಬಿಗಿದ.

"ಚಳಿ ತಡ್ಕತ್ತು ಹೇಳಿ ತಂದ ಗಿಡಕ್ಕೆ ಯನ್ನ ಶಾಲು ಎಂತಕ್ಕೆ?" ಆಯಿ ಕೇಳಿದಳು.

"ಅಭ್ಯಾಸ ಆಪಲ್ಲಿವರೆಗೆ ಇರ್ಲಿ."

ಇಬ್ಬನಿಯಲ್ಲಿ ನೆನೆದು ನೆನೆದು ಶಾಲಿನೊಳಗೇ ಗಿಡ ಕೊಳೆಯಿತು. ಬಿಚ್ಚಿದಾಗ ಮೇಲಿನ ಅರ್ಧ ಕಪ್ಪಗಾಗಿತ್ತು. ಆದರೆ ಯುಗಾದಿ ಹೊತ್ತಿಗೆ ಬುಡದಿಂದ ಮುಳ್ಳುಮುಳ್ಳಾದ ಚಿಗುರೊಂದು ಬಂತು. ಅಪ್ಪಯ್ಯ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವನಂತೆ ಓಡಾಡಿದ.

ನಾನಾಗ ಪಿಯುಸಿ ಓದುವ ಹುಡುಗಿ. ಜೀವಶಾಸ್ತ್ರದ ಪುಸ್ತಕದಲ್ಲಿ, ಗಟ್ಟಿ ಬೇರಿನ ಹುಳಿ ಗಿಡದ ಬುಡಕ್ಕೆ ಸಿಹಿ ಜಾತಿಯ ಕಡ್ಡಿ ಕೂರಿಸುವ ಕಸಿಯ ಚಿತ್ರ ನೋಡಿದ್ದೆ. "ಅಪ್ಪಯ್ಯ, ಇದು ಕಿತ್ತಳೆ ಅಲ್ಲ. ಕಸಿ ಕಟ್ಟಿದ್ದು ಸತ್ತೋಜು. ಇದು ಬುಡದ ಹುಳಿ ಗಿಡ."

"ಫಸ್ಟ್ ಇಯರ್ ಮುಗಿಯದ್ದೇ ಅಪ್ಪಂಗೇ ಪಾಠ ಹೇಳ್ತ್ಯನೇ?"

ಮೂರು ವರ್ಷದಲ್ಲಿ ಗಿಡ ಆಳೆತ್ತರ ಬೆಳೆದು ಕಾಯಿ ಬಿಟ್ಟಿತು. ಅನ್ಯಾಯವೆಂದರೆ, ಹಣ್ಣಾದಾಗ ಅವು ಥೇಟ್ ಕಿತ್ತಳೆಯ ಬಣ್ಣದವೇ! ಅಪ್ಪಯ್ಯ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಒಂದನ್ನೂ ಬಾಯಿಗಿಟ್ಟು ನೋಡದೆ, ಮೊದಲ ಹಣ್ಣು ತಿನ್ನಲು ಹೆಡ್ಮಾಸ್ತರನ್ನು ಮನೆಗೆ ಕರೆದ.

ಹೆಡ್ಮಾಸ್ತರು ಹಾವೇರಿ ಕಡೆಯವರು, ಭಾರಿ ಸಜ್ಜನರು. ಮೊದಲ ತೊಳೆ ಬಾಯಿಗೆ ಹಾಕಿದವರ ಒಂದು ಕಣ್ಣು ತಾನಾಗಿಯೇ ಮುಚ್ಚಿತು. "ಭಾಳ... ಚುರುಕ್ ಐತ್ರಿ ಮಾಸ್ತರ," ಅಂದರು. ಅಪ್ಪಯ್ಯನೂ ಒಂದು ತೊಳೆ ತಿಂದ. ಉಗುಳಿದರೆ ಮರ್ಯಾದೆ ಹೋಗುತ್ತದಲ್ಲ! ಇಬ್ಬರು ದೊಡ್ಡ ಮನುಷ್ಯರು ಎದುರುಬದುರು ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದಿಡೀ ಹಣ್ಣು ಮುಗಿಸಿದರು. ಆಯಿ ಅಡಿಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡಳು.

ಮಿಕ್ಕ ಹಣ್ಣಿನ ರಸ ಹಿಂಡಿ, ನೀರು ಬೆರೆಸಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಹಾಕಿ ಆಯಿ ಅಪ್ಪೆಹುಳಿ ಮಾಡಿದಳು. ಅಪ್ಪಯ್ಯ ಮೂರು ಲೋಟ ಕುಡಿದ. ವಾರ ಕಳೆದ ಮೇಲೆ ಮೆಲ್ಲಗೆ ಕೇಳಿದ: "ಕಸಿ ಕಟ್ಟೂಲೆ ನಿಂಗೆ ಬತ್ತನೇ?"

ಬರುತ್ತಿರಲಿಲ್ಲ. ಆದರೂ ‘ಬತ್ತು’ ಅಂದೆ. ಬಿಳಗಿಯಲ್ಲಿದ್ದ ಗೆಳತಿಯ ಮನೆಯ ಸಿಹಿ ಕಿತ್ತಳೆಯಿಂದ ಕಡ್ಡಿ ತಂದು, ಅಪ್ಪಯ್ಯನ ಶೇವಿಂಗ್ ಬ್ಲೇಡಿನಿಂದ ಚಿಗುರೊಡೆಯುವ ಕಣ್ಣು ಕೊಯ್ದು, ನಮ್ಮ ಹುಳಿ ಗಿಡದ ಐದು ಕೊಂಬೆಗಳಲ್ಲಿ ಕೂರಿಸಿದೆ. ನಾಲ್ಕು ಸತ್ತವು. ಒಂದು ಹಿಡಿಯಿತು. ಹೀಗೆ ಒಂದೇ ಮರದಲ್ಲಿ ಒಂದು ಕೊಂಬೆ ಸಿಹಿ, ಉಳಿದದ್ದೆಲ್ಲ ಹುಳಿಯಾಯಿತು. ಬಣ್ಣ ಮಾತ್ರ ಎಲ್ಲಕ್ಕೂ ಒಂದೇ. ಬಂದವರಿಗೆ ಯಾವ ಕೊಂಬೆಯದ್ದು ಕೊಡಬೇಕೆಂಬುದನ್ನು ಅಪ್ಪಯ್ಯ ಆಸಾಮಿ ನೋಡಿ ನಿರ್ಧರಿಸತೊಡಗಿದ. ಇನ್ಶೂರೆನ್ಸ್ ಏಜೆಂಟರು ನಮ್ಮನೆ ಕಡೆ ಬರುವುದನ್ನೇ ಬಿಟ್ಟರು.

ಎರಡು ಸಾವಿರದ ಆಚೀಚೆ ಸಿದ್ದಾಪುರದಿಂದ ನನ್ನನ್ನು ಮದುವೆಗೆಂದು ನೋಡಲು ಒಬ್ಬ ಮಾಣಿ ಬಂದ. ಅಪ್ಪಯ್ಯನಿಗೆ ಅವನ ಮೀಸೆ ಹಿಡಿಸಲಿಲ್ಲ. ಅವನಿಗೆ ಹಣ್ಣು ಕೊಡಲು ಹುಳಿ ಕೊಂಬೆಗೇ ಕೈ ಹಾಕಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಾಣಿ ಒಂದು ತೊಳೆ ತಿಂದ. ಮುಖ ಕಿವುಚಿದ. ಸುಧಾರಿಸಿಕೊಂಡು ನನ್ನ ಕಡೆ ತಿರುಗಿ ಕೇಳಿದ:

"ಸ್ವಲ್ಪ ಉಪ್ಪು ಇದ್ದಾ?"

ನಾನು ಉಪ್ಪಿನ ಜೊತೆ ಮೆಣಸಿನಪುಡಿಯನ್ನೂ ತಂದುಕೊಟ್ಟೆ. ಅವನು ಎರಡು ಹಣ್ಣು ಮುಗಿಸಿ, ಮೂರನೆಯದಕ್ಕೆ ಕೈ ಚಾಚಿದ.